ಹಿಂದಿನ ಕೆಂಪು ದೀಪ



ನಮ್ಮ ಕಲಿಕಾ ಕೇಂದ್ರ ಸಂಜೆ ಏಳು ಗಂಟೆಗೆ ಸೇರುತ್ತದೆ. ಒಂದು ದಿನ ಒಬ್ಬ ಅಕ್ಕ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾಲ್ಕನೇ ದಿನ ಬಂದಳು. ಮುಖ ಬಾಡಿತ್ತು. ಪುಸ್ತಕ ತೆರೆಯಲಿಲ್ಲ.

"ಏನಾತವಾ?" ಎಂದು ಕೇಳಿದೆ.

"ನನ್ನ ಮೈದುನ ಬಿದ್ದಾನ್ರೀ ಅಕ್ಕೋರ," ಎಂದಳು. "ಸಂತಿ ಮುಗಿಸಿ ಬೈಕಿನ ಮ್ಯಾಲ ಬರಾಕತ್ತಿದ್ದ. ಮುಂದ ಗೋವಿನಜೋಳ ತುಂಬಿದ ಟ್ರೇಲರ್ ಹೊಂಟಿತ್ತು. ಅದಕ್ಕ ಹಿಂದ ದೀಪಾನ ಇರಲಿಲ್ಲ. ಎದುರಿಗೆ ಒಂದು ಲಾರಿ ಬಂತು. ಅದರ ಬೆಳಕಿಗೆ ಕಣ್ಣಿಗೆ ಏನೂ ಕಾಣದಂಗ ಆತಂತ. ಲಾರಿ ದಾಟೂದರಾಗ ಟ್ರೇಲರ್ ಎದಿ ಮುಂದ ಇತ್ತು."

ಮೈದುನನ ಜೀವ ಉಳಿಯಿತು. ಆದರೆ ಬಲಗಾಲು ಎರಡು ಕಡೆ ಮುರಿಯಿತು. ಹುಬ್ಬಳ್ಳಿಗೆ ಒಯ್ದರು. ಆಸ್ಪತ್ರೆಯ ಖರ್ಚಿಗೆ ಮನೆಯ ಒಂದು ಜೋಡಿ ಎತ್ತು ಮಾರಿದರು. ಸುಗ್ಗಿಯ ಕಾಲ. ದುಡಿಯುವ ಗಂಡಾಳು ಹಾಸಿಗೆಯ ಮೇಲೆ ಮಲಗಿದ್ದ.

"ಟ್ರೇಲರ್ ಯಾರದು?" ಎಂದು ಒಬ್ಬರು ಕೇಳಿದರು.

"ನಮ್ಮ ಊರಾಂವಂದ. ಊರು ಇಲ್ಲೇ ಐತಿ, ದೀಪ ಯಾಕ ಬೇಕು ಅಂತ ಹಂಗ ಹೊಂಟಿದ್ನಂತ."

ಎಲ್ಲರೂ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಕೂತ ಒಬ್ಬ ಅಕ್ಕ ಮೆಲ್ಲಗೆ ಹೇಳಿದಳು: "ನಮ್ಮ ಮನಿ ಟ್ರೇಲರಿಗೂ ದೀಪ ಇಲ್ಲಲ್ಲ ಬೇ!"

ಅಂದು ನಾವು ಪಾಠದ ಪುಸ್ತಕ ಮುಚ್ಚಿದೆವು. ದೀಪದ ಬಗ್ಗೆ ಮಾತಾಡಿದೆವು. ಆ ಮಾತನ್ನೇ ಇಲ್ಲಿ ಬರೆದಿದ್ದೇನೆ. ನಿಧಾನವಾಗಿ ಓದಿರಿ. ಮನೆಯವರಿಗೂ ಓದಿ ಹೇಳಿರಿ.

ಕತ್ತಲಲ್ಲಿ ಆಗುವುದೇನು?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಮ್ಮ ಹಾವೇರಿ ಜಿಲ್ಲೆಯ ತಾಲ್ಲೂಕುಗಳು. ಶಿಗ್ಗಾಂವಿಯ ಪಕ್ಕದಲ್ಲೇ ದೊಡ್ಡ ಹೆದ್ದಾರಿ ಇದೆ. ಹಿರಿಯರು ಅದನ್ನು ಈಗಲೂ ಪಿ.ಬಿ. ರೋಡ್ ಎನ್ನುತ್ತಾರೆ. ಮೊದಲು ಅದರ ನಂಬರು 4. ಈಗ ಅದರ ನಂಬರು 48. ಉಳಿದ ಊರುಗಳಿಗೆ ಸಣ್ಣ ರಸ್ತೆಗಳಿವೆ. ಅನೇಕ ಕಡೆ ಬೀದಿ ದೀಪ ಇಲ್ಲ. ಅದೇ ರಸ್ತೆಯ ಮೇಲೆ ಬಸ್ಸು, ಲಾರಿ, ಟಂಟಂ, ಬೈಕು, ಟ್ರ್ಯಾಕ್ಟರ್, ಚಕ್ಕಡಿ ಎಲ್ಲವೂ ಓಡಾಡುತ್ತವೆ. ದನ, ಕುರಿ, ನಾವು ನೀವೂ ಅಲ್ಲೇ ನಡೆಯುತ್ತೇವೆ.

ಈಗ ಒಂದು ಲೆಕ್ಕ ಮಾಡೋಣ. ಗಾಬರಿ ಬೇಡ, ಇದು ಸೀರೆಯ ಲೆಕ್ಕ.

ನಮ್ಮ ಎಂಟು ಗಜದ ಸೀರೆ ಸುಮಾರು 7 ಮೀಟರ್ ಉದ್ದ ಇರುತ್ತದೆ. ಒಂದು ಬೈಕು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೊರಟಿದೆ ಎನ್ನೋಣ. ಅದು ಒಂದು ಸೆಕೆಂಡಿನಲ್ಲಿ 17 ಮೀಟರ್ ಮುಂದೆ ಹೋಗುತ್ತದೆ. ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಸೀರೆಗಿಂತ ಹೆಚ್ಚು ದೂರ!

ಮುಂದೆ ಏನೋ ಇದೆ ಎಂದು ಕಣ್ಣು ನೋಡಬೇಕು. ತಲೆಗೆ ಅದು ತಿಳಿಯಬೇಕು. ಆಮೇಲೆ ಕಾಲು ಬ್ರೇಕು ಒತ್ತಬೇಕು. ಇದಕ್ಕೆ ಒಂದು ಸೆಕೆಂಡ್ ಬೇಕೇ ಬೇಕು. ಬ್ರೇಕು ಹಿಡಿದ ಮೇಲೂ ಗಾಡಿ ತಟ್ಟನೆ ನಿಲ್ಲುವುದಿಲ್ಲ. ಮತ್ತೆ 20 ಮೀಟರಿಗೂ ಹೆಚ್ಚು ಜಾರಿಕೊಂಡು ಹೋಗುತ್ತದೆ. ಒಟ್ಟು ಸುಮಾರು 40 ಮೀಟರ್ ಆಯಿತು. ಐದೂವರೆ ಸೀರೆ ಉದ್ದ. ಮಳೆ ಬಿದ್ದು ರಸ್ತೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು.

ಬೈಕಿನ ದೀಪವನ್ನು ತಗ್ಗಿಸಿದಾಗ, ಮಣ್ಣು ಮೆತ್ತಿದ ಟ್ರೇಲರ್ ಎಷ್ಟು ದೂರದಿಂದ ಕಾಣುತ್ತದೆ? ಸುಮಾರು 30 ಮೀಟರ್. ನಿಲ್ಲಲು 40 ಮೀಟರ್ ಬೇಕು. ಕಾಣುವುದು 30 ಮೀಟರಿಗೆ. ಟ್ರೇಲರ್ ನಿಂತಿದ್ದರೆ, ಇಲ್ಲವೇ ತೀರ ನಿಧಾನ ಹೊರಟಿದ್ದರೆ, ಉಳಿದ 10 ಮೀಟರ್ ಎಲ್ಲಿಂದ ತರುವುದು? ಆ ಹತ್ತು ಮೀಟರಿನಲ್ಲೇ ಕಾಲು ಮುರಿಯುತ್ತದೆ, ತಲೆ ಒಡೆಯುತ್ತದೆ.

ಟ್ರೇಲರಿಗೆ ಕೆಂಪು ದೀಪ ಇದ್ದರೆ ಅದು ನೂರಾರು ಮೀಟರ್ ದೂರದಿಂದಲೇ ಕಾಣುತ್ತದೆ. ಬೈಕಿನವನು ಅಲ್ಲಿಂದಲೇ ವೇಗ ಇಳಿಸುತ್ತಾನೆ. ಒಂದು ಸಣ್ಣ ದೀಪ ಮಾಡುವ ಕೆಲಸ ಇಷ್ಟೇ. ಆದರೆ ಇದು ಜೀವ ಉಳಿಸುವ ಕೆಲಸ.

ದೀಪ ಓದಲು ಕಲಿಯೋಣ

ನೀವು ಈಗ ಅಕ್ಷರ ಓದುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಹಾಗೆಯೇ ಗಾಡಿಯ ದೀಪಗಳನ್ನೂ ಓದಬಹುದು. ಅವೂ ಮಾತಾಡುತ್ತವೆ.

ಮುಂದೆ ಬಿಳಿ ದೀಪ: "ನಾನು ನಿಮ್ಮ ಕಡೆಗೆ ಬರುತ್ತಿದ್ದೇನೆ."

ಹಿಂದೆ ಕೆಂಪು ದೀಪ: "ನಾನು ಇಲ್ಲಿದ್ದೇನೆ. ನನ್ನ ಹಿಂದೆ ನಿಧಾನ ಬಾ."

ಕೆಂಪು ದೀಪ ಒಮ್ಮೆಲೇ ಜೋರಾಗಿ ಉರಿದರೆ: "ನಾನು ಬ್ರೇಕು ಹಾಕಿದ್ದೇನೆ. ನೀನೂ ಹಾಕು."

ಒಂದು ಬದಿಯ ಹಳದಿ ದೀಪ ಮಿಣುಕಿದರೆ: "ನಾನು ಈ ಕಡೆ ಹೊರಳುತ್ತೇನೆ." ಇದಕ್ಕೆ ಇಂಡಿಕೇಟರ್ ಎನ್ನುತ್ತಾರೆ. ಇದು ನಿಮಿಷಕ್ಕೆ 60ರಿಂದ 120 ಸಲ ಮಿಣುಕುತ್ತದೆ. ಸುಮ್ಮನೆ ಉರಿಯುವ ದೀಪಕ್ಕಿಂತ ಮಿಣುಕುವ ದೀಪದ ಕಡೆ ಕಣ್ಣು ಬೇಗ ಹೋಗುತ್ತದೆ. ಅದಕ್ಕೇ ಹೀಗೆ ಮಾಡಿದ್ದಾರೆ.

ಎರಡೂ ಬದಿಯ ಹಳದಿ ದೀಪ ಒಟ್ಟಿಗೆ ಮಿಣುಕಿದರೆ: "ನನ್ನ ಗಾಡಿ ಕೆಟ್ಟು ನಿಂತಿದೆ. ಹುಷಾರು."

ಹಿಂದೆ ಬಿಳಿ ದೀಪ ಹತ್ತಿದರೆ: "ನಾನು ಹಿಂದಕ್ಕೆ ಬರುತ್ತಿದ್ದೇನೆ." ಇದನ್ನು ಕಂಡ ಕೂಡಲೇ ಮಕ್ಕಳನ್ನು ದೂರ ಕರೆದುಕೊಳ್ಳಿರಿ.

"ಹಗಲು ಹೊತ್ತಿನ್ಯಾಗೂ ಬೈಕಿನ ದೀಪ ಉರಿತಾವಲ್ಲರೀ, ಆರಿಸಾಕ ಮರತಾರೇನು?" ಎಂದು ಒಬ್ಬ ತಂಗಿ ಕೇಳಿದಳು. ಮರೆತಿಲ್ಲ. 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಬೈಕು, ಸ್ಕೂಟರುಗಳ ಮುಂದಿನ ದೀಪ ಎಂಜಿನ್ ಚಾಲೂ ಇರುವವರೆಗೂ ಉರಿಯುತ್ತದೆ. ಬೈಕು ಸಣ್ಣದು. ಲಾರಿ ಚಾಲಕನ ಕಣ್ಣಿಗೆ ಅದು ಬೇಗ ಬೀಳಲಿ ಎಂದು ಈ ನಿಯಮ ಮಾಡಿದ್ದಾರೆ.

ದೀಪ ಇದ್ದರೆ ಸಾಲದು. ಅದು ಎದುರಿನವರ ಕಣ್ಣು ಕುಕ್ಕಬಾರದು. ಎದುರಿಗೆ ಗಾಡಿ ಬಂದಾಗ ದೀಪವನ್ನು ತಗ್ಗಿಸಬೇಕು. ಜೋರು ಬೆಳಕು ಕಣ್ಣಿಗೆ ಬಿದ್ದರೆ ಕೆಲವು ಸೆಕೆಂಡು ಏನೂ ಕಾಣುವುದಿಲ್ಲ. ಅಕ್ಕನ ಮೈದುನನಿಗೆ ಆದದ್ದೂ ಇದೇ. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪ ಹಾಕಿದ ಗಾಡಿಗಳ ಮೇಲೆ ಕೇಸು ಹಾಕಲು ಶುರು ಮಾಡಿದರು.

ಟ್ರೇಲರಿನ ದೀಪ ಯಾಕೆ ಉರಿಯುವುದಿಲ್ಲ?

ಟ್ರೇಲರಿಗೆ ತನ್ನದೇ ಬ್ಯಾಟರಿ ಇಲ್ಲ. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಕರೆಂಟು ಬರಬೇಕು. ಟ್ರ್ಯಾಕ್ಟರಿನ ಹಿಂದೆ ಒಂದು ಸಾಕೆಟ್ ಇರುತ್ತದೆ. ಟ್ರೇಲರಿನ ವಾಯರನ್ನು ಅದಕ್ಕೆ ಸಿಕ್ಕಿಸಬೇಕು. ಅನೇಕರು ಕೊಂಡಿ ಹಾಕುತ್ತಾರೆ, ವಾಯರು ಸಿಕ್ಕಿಸುವುದಿಲ್ಲ.

ವಾಯರು ನೆಲಕ್ಕೆ ಜೋತು ಬಿದ್ದು ಹರಿಯುತ್ತದೆ. ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಇಲಿ ಕಡಿಯುತ್ತದೆ. ಕೆಸರು ಗದ್ದೆಗೆ ಇಳಿದರೆ ದೀಪಕ್ಕೆ ಮಣ್ಣು ಮೆತ್ತುತ್ತದೆ. ಹುಲ್ಲು, ಕಣಕಿ, ಕಬ್ಬು ಹೇರಿದಾಗ ಅದು ಹಿಂದಕ್ಕೆ ಜೋತು ಬಿದ್ದು ದೀಪವನ್ನೇ ಮುಚ್ಚುತ್ತದೆ. ದೀಪ ಉರಿಯುತ್ತಿದ್ದರೂ ಹಿಂದಿನವರಿಗೆ ಕಾಣುವುದಿಲ್ಲ.

ಇವು ದೊಡ್ಡ ರಿಪೇರಿಗಳಲ್ಲ. ವಾಯರನ್ನು ಮೇಲೆತ್ತಿ ಕಟ್ಟಬೇಕು. ಒಡೆದ ಬಲ್ಬು ಬದಲಿಸಬೇಕು. ಅರಿವೆಯಿಂದ ದೀಪ ಒರೆಸಬೇಕು. ಹುಲ್ಲು ಹೇರಿದ ಮೇಲೆ ಒಮ್ಮೆ ಹಿಂದೆ ಹೋಗಿ ನೋಡಬೇಕು. ಮನೆಯ ದೇವರ ಮುಂದಿನ ದೀಪದ ಗಾಜು ಒರೆಸುತ್ತೇವಲ್ಲ, ಹಾಗೆಯೇ ಇದು.

ಬೆಕ್ಕಿನ ಕಣ್ಣು

ರಾತ್ರಿ ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋಗುತ್ತೀರಿ. ಬೆಕ್ಕಿನ ಕಣ್ಣು ಮಿಂಚುತ್ತದೆ. ಎತ್ತು, ಆಕಳ ಕಣ್ಣೂ ಹೊಳೆಯುತ್ತದೆ. ಆ ಕಣ್ಣಿನಲ್ಲಿ ದೀಪ ಇದೆಯೇ? ಇಲ್ಲ. ನಮ್ಮ ಬ್ಯಾಟರಿಯ ಬೆಳಕೇ ಕಣ್ಣಿನ ಒಳಗೆ ಹೋಗಿ, ತಿರುಗಿ ನಮ್ಮ ಕಡೆಗೆ ಬರುತ್ತದೆ.

ಇಂಗ್ಲೆಂಡ್ ದೇಶದಲ್ಲಿ ಪರ್ಸಿ ಶಾ ಎಂಬಾತ ಇದ್ದ. ಆತ ರಸ್ತೆ ಕೆಲಸ ಮಾಡಿಸುವವನು. 1934ರಲ್ಲಿ ಆತ ರಸ್ತೆಯ ನಡುವೆ ಕೂರಿಸುವ ಗಾಜಿನ ಗುಂಡಿ ಮಾಡಿದ. ಗಾಡಿಯ ಬೆಳಕು ಬಿದ್ದರೆ ಅದು ಹೊಳೆಯುತ್ತಿತ್ತು. ಅದಕ್ಕೆ "ಬೆಕ್ಕಿನ ಕಣ್ಣು" ಎಂದೇ ಹೆಸರಾಯಿತು. ನಮ್ಮ ಹೆದ್ದಾರಿಯ ಮೇಲೆ ರಾತ್ರಿ ಸಾಲಾಗಿ ಹೊಳೆಯುವ ಗುಂಡಿಗಳೂ ಅದೇ ಜಾತಿಯವು.

ಗಾಡಿಗಳ ಹಿಂದೆ ಹಚ್ಚುವ ಹೊಳೆಯುವ ಪಟ್ಟಿಯೂ ಇದೇ ರೀತಿ ಕೆಲಸ ಮಾಡುತ್ತದೆ. ಇದಕ್ಕೆ ರಿಫ್ಲೆಕ್ಟರ್ ಅಥವಾ ರೇಡಿಯಂ ಸ್ಟಿಕ್ಕರ್ ಎನ್ನುತ್ತಾರೆ. ಇದಕ್ಕೆ ಬ್ಯಾಟರಿ ಬೇಡ, ವಾಯರು ಬೇಡ, ಬಲ್ಬು ಬೇಡ. ಹಿಂದೆ ಬರುವ ಗಾಡಿಯ ಬೆಳಕೇ ಸಾಕು. ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಪಟ್ಟಿ ಹಚ್ಚಬೇಕು. ಬಣ್ಣ ಅದಲು ಬದಲು ಮಾಡಬಾರದು. ಹಿಂದೆ ಬಿಳಿ ಹಚ್ಚಿದರೆ, ಗಾಡಿ ಎದುರಿಗೆ ಬರುತ್ತಿದೆ ಎಂದು ಜನ ತಪ್ಪು ತಿಳಿಯುತ್ತಾರೆ.

ಹಿಂದಿನ ಕಾಲದಲ್ಲಿ ನಮ್ಮ ಹಿರಿಯರು ರಾತ್ರಿ ಚಕ್ಕಡಿ ಹೂಡಿದರೆ, ಕೆಳಗೆ ಒಂದು ಕಂದೀಲು ಕಟ್ಟುತ್ತಿದ್ದರು. ಅದು ತೂಗಾಡುತ್ತಾ ಹೋಗುತ್ತಿತ್ತು. ದೂರದಿಂದಲೇ "ಚಕ್ಕಡಿ ಬಂತು" ಎಂದು ತಿಳಿಯುತ್ತಿತ್ತು. ಈಗ ರಸ್ತೆಯ ಮೇಲೆ ವೇಗ ಹೆಚ್ಚಿತು. ಕಂದೀಲು ಮಾತ್ರ ಮಾಯವಾಯಿತು. ಚಕ್ಕಡಿಯ ಹಿಂದಿನ ಹಲಗೆಗೆ, ನೊಗದ ಎರಡು ತುದಿಗೆ ಹೊಳೆಯುವ ಪಟ್ಟಿ ಹಚ್ಚಿರಿ. ಎತ್ತಿನ ಕೋಡಿಗೆ ಬಣ್ಣ ಬಳಿಯುತ್ತೇವೆ. ಕೋಡಿಗೂ ಒಂದು ತುಂಡು ಪಟ್ಟಿ ಸುತ್ತಬಹುದು.

ಆದರೆ ಒಂದು ಮಾತು ನೆನಪಿಡಿ. ಹಿಂದೆ ಬರುವ ಬೈಕಿಗೆ ದೀಪ ಇಲ್ಲದಿದ್ದರೆ ಪಟ್ಟಿಯೂ ಹೊಳೆಯುವುದಿಲ್ಲ. ಅದಕ್ಕೆ ಟ್ರೇಲರಿಗೆ ದೀಪವೂ ಬೇಕು, ಪಟ್ಟಿಯೂ ಬೇಕು. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ.

ನಿಂತ ಗಾಡಿ ಹೆಚ್ಚು ಅಪಾಯ

2024ರ ಜೂನ್ 28. ಇನ್ನೂ ಬೆಳಕು ಹರಿದಿರಲಿಲ್ಲ. ನಮ್ಮದೇ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನ ಹತ್ತಿರ ಹೆದ್ದಾರಿಯಲ್ಲಿ ಒಂದು ಲಾರಿ ನಿಂತಿತ್ತು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿ ಊರಿನ ಜನ ದೇವರ ದರ್ಶನ ಮುಗಿಸಿ ಟೆಂಪೊ ಟ್ರಾವೆಲರ್‌ನಲ್ಲಿ ಊರಿಗೆ ಹೊರಟಿದ್ದರು. ಟೆಂಪೊ ನಿಂತ ಲಾರಿಗೆ ಹಿಂದಿನಿಂದ ಗುದ್ದಿತು. 13 ಜನ ಸತ್ತರು. ಅವರಲ್ಲಿ ಹೆಂಗಸರು, ಮಕ್ಕಳು ಇದ್ದರು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಾವೂ ಹೋಗುತ್ತೇವೆ. ಇದೇ ದಾರಿಯಲ್ಲಿ, ರಾತ್ರಿಯಲ್ಲೇ ತಿರುಗಿ ಬರುತ್ತೇವೆ. ಆ ಸುದ್ದಿ ಕೇಳಿದ ದಿನ ನಮ್ಮ ಊರುಗಳಲ್ಲೂ ಅನೇಕರು ಅತ್ತರು.

ನಿಂತ ಗಾಡಿ ದೂರದಿಂದ ಓಡುವ ಗಾಡಿಯಂತೆಯೇ ಕಾಣುತ್ತದೆ. ಅದು ನಿಂತಿದೆ ಎಂದು ತಿಳಿಯುವಷ್ಟರಲ್ಲಿ ಹತ್ತಿರ ಬಂದಿರುತ್ತೇವೆ. ಅದಕ್ಕೆ ಗಾಡಿ ಕೆಟ್ಟರೆ ಹೀಗೆ ಮಾಡಬೇಕು:

ಗಾಡಿಯನ್ನು ಆದಷ್ಟು ರಸ್ತೆಯಿಂದ ಕೆಳಗೆ ಇಳಿಸಬೇಕು. ಎರಡೂ ಹಳದಿ ದೀಪ ಮಿಣುಕಿಸಬೇಕು. ಕೆಂಪಗೆ ಹೊಳೆಯುವ ಮೂರು ಮೂಲೆಯ ಫಲಕವನ್ನು ಗಾಡಿಯ ಹಿಂದೆ ದೂರದಲ್ಲಿ ಇಡಬೇಕು. ಜನರೆಲ್ಲ ಇಳಿದು ರಸ್ತೆಯಿಂದ ದೂರ ನಿಲ್ಲಬೇಕು. ಗಾಡಿಯ ಹಿಂದೆ ಕೂತು ಮಾತಾಡುತ್ತಾ ಇರಬಾರದು.

ಕೆಲವರು ಹಿಂದೆ ಕಲ್ಲು ಇಡುತ್ತಾರೆ, ಗಿಡದ ಟೊಂಗೆ ಇಡುತ್ತಾರೆ. ರಿಪೇರಿ ಆದ ಮೇಲೆ ಗಾಡಿ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಆ ಕಲ್ಲಿಗೆ ಇನ್ನೊಬ್ಬನ ಬೈಕು ಬೀಳುತ್ತದೆ. ಕಲ್ಲು ಇಟ್ಟವರೇ ಕಲ್ಲು ತೆಗೆಯಬೇಕು.

ರಸ್ತೆಯ ಮೇಲಿನ ರಾಶಿ

ಇದು ನಮ್ಮದೇ ತಪ್ಪು. ಒಪ್ಪಿಕೊಳ್ಳೋಣ. ಸುಗ್ಗಿಯಲ್ಲಿ ಗೋವಿನಜೋಳವನ್ನು ರಸ್ತೆಯ ಮೇಲೆ ಒಣಗಿಸುತ್ತೇವೆ. ಸುತ್ತ ಕಲ್ಲು ಇಡುತ್ತೇವೆ. ರಾತ್ರಿ ಮೇಲೆ ತಾಡಪತ್ರಿ ಮುಚ್ಚಿ ಮನೆಗೆ ಬರುತ್ತೇವೆ. ಕಪ್ಪು ರಸ್ತೆ, ಕಪ್ಪು ಕಲ್ಲು, ಕಪ್ಪು ತಾಡಪತ್ರಿ. ಬೈಕಿನವನಿಗೆ ಏನು ಕಾಣುತ್ತದೆ?

"ಕಣ ಎಲ್ಲೈತ್ರೀ ನಮಗ? ಮಳಿ ಬಂದ್ರ ಕಾಳು ಮುಗ್ಗತಾವು," ಎಂದು ಒಬ್ಬ ಅಕ್ಕ ಕೇಳಿದಳು. ಆಕೆಯ ಮಾತೂ ನಿಜ. ಎಲ್ಲರಿಗೂ ಸ್ವಂತ ಕಣ ಇಲ್ಲ. ಅದಕ್ಕೇ ಊರಿಗೊಂದು ಒಕ್ಕಲು ಕಣ ಬೇಕು ಎಂದು ಗ್ರಾಮಸಭೆಯಲ್ಲಿ ಕೇಳಬೇಕು. ಅದು ಆಗುವವರೆಗೆ ಕತ್ತಲಾಗುವ ಮೊದಲೇ ಕಾಳು ತುಂಬಿ, ಕಲ್ಲು ತೆಗೆದು, ರಸ್ತೆ ಬಿಟ್ಟುಕೊಡಬೇಕು. ನಮ್ಮ ಕಾಳು ಒಣಗಬೇಕು. ಇನ್ನೊಬ್ಬರ ಮನೆಯ ದೀಪ ಆರಬಾರದು.

ನಡೆಯುವವರಿಗೂ ಬೆಳಕು ಬೇಕು

ಕೂಲಿಗೆ ನಸುಕಿನಲ್ಲಿ ಹೊರಡುತ್ತೇವೆ. ಜಾತ್ರೆಗೆ ರಾತ್ರಿ ಪಾದಯಾತ್ರೆ ಹೋಗುತ್ತೇವೆ. ನಮಗೆ ಗಾಡಿ ಕಾಣುತ್ತದೆ. ಆದ್ದರಿಂದ ಗಾಡಿಯವನಿಗೂ ನಾವು ಕಾಣುತ್ತೇವೆ ಎಂದುಕೊಳ್ಳುತ್ತೇವೆ. ಇದು ತಪ್ಪು. ಕಡುಬಣ್ಣದ ಸೀರೆ ಉಟ್ಟವರು ಕತ್ತಲಲ್ಲಿ ಕಾಣುವುದೇ ಇಲ್ಲ.

ರಸ್ತೆಯ ಬಲಬದಿಗೆ ನಡೆಯಿರಿ. ಆಗ ಹತ್ತಿರದ ಗಾಡಿ ನಿಮ್ಮ ಎದುರಿಗೆ ಬರುತ್ತದೆ, ಬೆನ್ನ ಹಿಂದಿನಿಂದ ಬರುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯಿರಿ. ಸಾಲಿನ ಮುಂದಿನವರು, ಹಿಂದಿನವರು ಬ್ಯಾಟರಿ ಅಥವಾ ಮೊಬೈಲಿನ ದೀಪ ಹಿಡಿಯಿರಿ. ತಲೆಗೆ ಬಿಳಿ ವಲ್ಲಿ ಹಾಕಿಕೊಳ್ಳಿರಿ. ಬುತ್ತಿಯ ಚೀಲಕ್ಕೆ, ಮಕ್ಕಳ ಶಾಲೆಯ ಚೀಲಕ್ಕೆ ಒಂದು ತುಂಡು ಹೊಳೆಯುವ ಪಟ್ಟಿ ಹೊಲಿಯಿರಿ. ಫಿನ್‌ಲೆಂಡ್ ಎಂಬ ದೇಶದಲ್ಲಿ ಚಳಿಗಾಲದಲ್ಲಿ ಬಹಳ ಹೊತ್ತು ಕತ್ತಲೆ. ಅಲ್ಲಿ ಕತ್ತಲಲ್ಲಿ ನಡೆಯುವವರು ಇಂಥ ಹೊಳೆಯುವ ವಸ್ತು ಧರಿಸಬೇಕು ಎಂದು ಕಾನೂನೇ ಇದೆ.

ಇನ್ನೊಂದು ಮಾತು. ಟ್ರೇಲರ್, ಲಾರಿ ಇರುವುದು ಸಾಮಾನು ಹೇರಲು. ಜನ ಹೇರಲು ಅಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನ ತರಕಾರಿ ವ್ಯಾಪಾರಿಗಳು ಕುಮಟಾ ಸಂತೆಗೆ ಲಾರಿಯಲ್ಲಿ ಹೊರಟಿದ್ದರು. ತರಕಾರಿಯ ಮೇಲೆಯೇ ಕೂತಿದ್ದರು. ಯಲ್ಲಾಪುರ ತಾಲ್ಲೂಕಿನಲ್ಲಿ ಲಾರಿ ಉರುಳಿತು. ಸುಮಾರು ಹತ್ತು ಮಂದಿ ಜೀವ ಕಳೆದುಕೊಂಡರು. ಒಂದು ದಿನದ ಸಂತೆಗೆ ಹೋದವರು ಮನೆಗೆ ಬರಲಿಲ್ಲ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆ ಇದೆ. 1989ರ ನಿಯಮಗಳಿವೆ. ಸೂರ್ಯ ಮುಳುಗಿ ಅರ್ಧ ಗಂಟೆ ಆದ ಮೇಲೆ ಗಾಡಿಗೆ ದೀಪ ಇರಲೇಬೇಕು. ಹಿಂದೆ ಕೆಂಪು ದೀಪ ಇರಲೇಬೇಕು. ಬೇರೆಯವರಿಗೆ ಅಪಾಯ ಆಗುವಂತೆ ಗಾಡಿ ನಿಲ್ಲಿಸುವುದು ತಪ್ಪು.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅಂದರೆ ದಿನಕ್ಕೆ ಸುಮಾರು 460 ಜನ. ನಮ್ಮ ಕಡೆಯ ಒಂದು ಸಣ್ಣ ಹಳ್ಳಿ ದಿನಕ್ಕೊಂದರಂತೆ ಖಾಲಿಯಾದ ಹಾಗೆ.

ಅಪಘಾತ ಕಂಡರೆ ಹೆದರಿ ಓಡಬೇಡಿರಿ. 108ಕ್ಕೆ ಫೋನು ಮಾಡಿರಿ, ಆಂಬುಲೆನ್ಸ್ ಬರುತ್ತದೆ. 112ಕ್ಕೆ ಮಾಡಿದರೆ ಪೊಲೀಸರು ಬರುತ್ತಾರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೂ ಮಾಡಬಹುದು. "ನಮ್ಮನ್ನ ಸಾಕ್ಷಿಗೆ ಎಳಿತಾರ" ಎಂಬ ಭಯ ಬೇಡ. 2019ರಲ್ಲಿ ಕಾಯ್ದೆ ತಿದ್ದಿದ್ದಾರೆ. ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು ಹೇಳಿರಿ ಎಂದು ಒತ್ತಾಯ ಮಾಡುವಂತಿಲ್ಲ.

ನಾವು ಹೆಂಗಸರು ಏನು ಮಾಡಬಹುದು?

"ಗಾಡಿ ಹೊಡಿಯಾವ್ರು ಗಂಡಸರು. ನಮ್ಮ ಮಾತು ಯಾರು ಕೇಳ್ತಾರ?" ಎಂದು ಅಂದು ಕೆಲವರು ಕೇಳಿದರು. ಆದರೆ ಗಾಡಿ ಮನೆಯಿಂದ ಹೊರಡುವಾಗ ಬುತ್ತಿ ಕೊಡುವವರು ಯಾರು? ನಾವು. ಬುತ್ತಿ ಕೊಡುವ ಮೊದಲು ಒಂದು ಮಾತು ಕೇಳಿರಿ: "ಹಿಂದಿನ ದೀಪ ಹತ್ತತೈತೇನು?" ಕೇಳುವುದಷ್ಟೇ ಅಲ್ಲ, ಹಿಂದೆ ಹೋಗಿ ಕಣ್ಣಾರೆ ನೋಡಿರಿ.

ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಈ ಮಾತು ಎತ್ತಿರಿ. ಸಂಘದಿಂದ ಹೊಳೆಯುವ ಪಟ್ಟಿಯ ಒಂದು ಸುರುಳಿ ಕೊಂಡರೆ ಕೇರಿಯ ಚಕ್ಕಡಿ, ಸೈಕಲ್ಲುಗಳಿಗೆಲ್ಲ ಹಚ್ಚಬಹುದು. ಊರ ಮುಂದಿನ ಕ್ರಾಸಿನಲ್ಲಿ ಬೀದಿ ದೀಪ ಬೇಕು ಎಂದು ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದೆ. ಹೆಬ್ಬೆಟ್ಟು ಒತ್ತಬೇಕಾಗಿಲ್ಲ, ಸಹಿ ಮಾಡಿರಿ.

ಅಂದು ಹಿಂದೆ ಕೂತಿದ್ದ ಅಕ್ಕನ ಕಥೆ ಹೇಳಿ ಮುಗಿಸುತ್ತೇನೆ. ಆಕೆ ಮನೆಗೆ ಹೋಗಿ ಗಂಡನಿಗೆ ದೀಪದ ಮಾತು ಹೇಳಿದಳು. ಆತ "ನಾಳಿ ನೋಡೂಣು" ಎಂದ. ನಾಳೆ ಹೋಗಿ ವಾರ ಆಯಿತು. ಆಕೆ ಬಿಡಲಿಲ್ಲ. ಒಂದು ಮುಂಜಾನೆ ಬುತ್ತಿ ಕಟ್ಟಿ ಕೈಯಲ್ಲೇ ಹಿಡಿದು ನಿಂತಳು. "ವಾಯರ್ ಸಿಕ್ಕಿಸಿ ದೀಪ ತೋರಸ್ರಿ, ಆಮ್ಯಾಲ ಬುತ್ತಿ ಕೊಡತೀನಿ" ಎಂದಳು. ಗಂಡ ನಕ್ಕ. ಆಮೇಲೆ ಪೇಟೆಗೆ ಹೋಗಿ ಎರಡು ಬಲ್ಬು, ವಾಯರು ತಂದ.

ಈಗ ಸಂಜೆ ನಾವು ಕೇಂದ್ರಕ್ಕೆ ಸೇರುವಾಗ ಆ ಟ್ರೇಲರ್ ಊರಿಗೆ ಬರುತ್ತದೆ. ಹಿಂದೆ ಎರಡು ಕೆಂಪು ದೀಪ ಉರಿಯುತ್ತಿರುತ್ತವೆ. ಆ ಅಕ್ಕ ಕಿಟಕಿಯಿಂದ ಒಮ್ಮೆ ನೋಡುತ್ತಾಳೆ. ಆಮೇಲೆ ಪುಸ್ತಕ ತೆರೆಯುತ್ತಾಳೆ.

ಯೋಚಿಸಿರಿ, ಹೇಳಿರಿ

1. ಗಾಡಿಯ ಹಿಂದೆ ಯಾವ ಬಣ್ಣದ ದೀಪ ಇರಬೇಕು? ಯಾಕೆ?
2. ಎರಡೂ ಹಳದಿ ದೀಪ ಒಟ್ಟಿಗೆ ಮಿಣುಕಿದರೆ ಏನು ಅರ್ಥ?
3. ರಿಫ್ಲೆಕ್ಟರಿಗೆ ಬ್ಯಾಟರಿ ಯಾಕೆ ಬೇಡ?
4. ಕತ್ತಲಲ್ಲಿ ರಸ್ತೆಯ ಯಾವ ಬದಿಗೆ ನಡೆಯಬೇಕು?
5. ನಿಮ್ಮ ಮನೆಯ ಗಾಡಿಯ ಹಿಂದಿನ ದೀಪ ಉರಿಯುತ್ತದೆಯೇ? ಇಂದು ಸಂಜೆ ನೋಡಿ ಬಂದು ನಾಳೆ ಹೇಳಿರಿ.

ಈ ಪದಗಳನ್ನು ಓದಿರಿ, ಬರೆಯಿರಿ

ದೀಪ, ಕೆಂಪು, ಹಳದಿ, ಚಕ್ಕಡಿ, ಟ್ರೇಲರ್, ಹೆದ್ದಾರಿ, ಕಂದೀಲು, ರಿಫ್ಲೆಕ್ಟರ್, ಗ್ರಾಮಸಭೆ, ಸಹಿ.